ಬಾಗಿಲಿಗೊಂದು ಘಮ

ಪೊಂಗಲ್ ದಿನ ಬೆಳ್ಳಂಬೆಳಗ್ಗೆ ಬಿರಿಯಾನಿ ಘಮಘಮಿಸುವ ಮನೆಯನ್ನು ನೋಡಿದ್ದೀರಾ? ನಾನು ಮೊನ್ನೆ ನೋಡಿದೆ. ಅದೂ ನಮ್ಮ ಚಿಕ್ಕಮ್ಮನ ಮನೆ! (ಹಬ್ಬದ ದಿನ ಮೊಟ್ಟೆ ಅಂದರೂ ಬಾಯಿ ತೊಳೆದುಕೊಂಡು ಬಾ ಅನ್ನುವ ಹೆಂಗಸು.)

ತಮಿಳು ಸೀಮೆಯ ಓಮಲೂರಿನಲ್ಲಿ ಬಸ್ಸಿಳಿದು, ಮನೆಯೊಳಗೆ ಕಾಲಿಡುತ್ತಿದ್ದಂತೆ ಎದೆಗೆ ಏನೋ ಬಡಿಯಿತು. ನೋಡಿದರೆ ದಾರದ ಸರ. ಬಿಲ್ಲೆಬಿಲ್ಲೆಯಾಗಿ ಕೊಯ್ದು ಬಿಸಿಲಲ್ಲಿ ಒಣಗಿಸಿದ ಕಿತ್ತಳೆ, ನಡುನಡುವೆ ಚಕ್ಕೆ. ಅಡುಗೆಮನೆ ಬಾಗಿಲಿಗೆ ಏಲಕ್ಕಿ ಸರ. ಬಚ್ಚಲ ಬಾಗಿಲಿಗೆ ಮೈತುಂಬ ಲವಂಗ ಚುಚ್ಚಿದ ನಿಂಬೆಹಣ್ಣುಗಳು. ಓಹೋ, ಬಿರಿಯಾನಿ ಇದೇನಾ!

ಎಲ್ಲ ಚಿಕ್ಕಮ್ಮನ ಸೊಸೆ ಸೆಲ್ವಿಯ ಕೈಕೆಲಸ. ತಮಿಳರ ಮನೆ ಹುಡುಗಿ. ಮದುವೆಯಾಗಿ ಬಂದಮೇಲೆ ನಮ್ಮ ಕನ್ನಡ ಕಲಿತವಳು.

"ಯೂಟ್ಯೂಬಾ?" ಅಂದೆ.

"ಆಮಾ ಅಕ್ಕಾ, ಅದೇ," ಅಂತ ನಕ್ಕಳು.

"ಚೆನ್ನಾಗೈತೆ. ಇಷ್ಟು ಕೆಳಕ್ಕೆ ಯಾಕೆ ಇಳಿಬಿಟ್ಟಿದ್ದೀಯ? ಓಡಾಡೋರಿಗೆ ತಗಲಲ್ವಾ?"

ಅವಳು ಹಾಲಿನ ಪಾತ್ರೆ ಎತ್ತಿಕೊಂಡು ಅಂಗಳಕ್ಕೆ ಹೋದಳು.

ಚಿಕ್ಕಮ್ಮನಿಗೆ ಶುಗರ್. ಹೋದ ವರ್ಷ ಎರಡೂ ಕಣ್ಣು ಹೋದವು. ಅಲ್ಲಿಂದ ಒಳಕೋಣೆಯ ಮಂಚವೇ ಅವರ ಊರು. ಊಟವೂ ಅಲ್ಲೇ. ಬಚ್ಚಲಿಗೆ ಹೋಗಬೇಕಾದರೂ ಯಾರಾದರೂ ಕೈ ಹಿಡಿಯಬೇಕು. ಇಡೀ ಬೀದಿಯ ಜಗಳ ಬಿಡಿಸುತ್ತಿದ್ದ ಹೆಂಗಸಿಗೆ ಆ ಕೈ ಹಿಡಿಸಿಕೊಳ್ಳುವುದಕ್ಕಿಂತ ದೊಡ್ಡ ಅವಮಾನ ಬೇಕೇ? ಎಷ್ಟೋ ಸಲ ನೀರು ಕುಡಿಯದೆ ಕೂತಿರುತ್ತಾರಂತೆ, ಏಳಬೇಕಾಗುತ್ತದೆ ಅಂತ.

"ಬಾ ಚಿಕ್ಕಮ್ಮಾ, ಪೊಂಗಲ್ ಉಕ್ಕೋದು ನೋಡೋಣ," ಅಂದೆ. ಅಂದವಳೇ ನಾಲಿಗೆ ಕಚ್ಚಿಕೊಂಡೆ.

"ನಂಗ್ಯಾವ ಅಬ್ಬ ಕಣವ್ವಾ? ಎಲ್ಲಾ ಒಂದೇ ಕತ್ಲು. ನೀವ್ ಓಗಿ," ಅಂತ ಗೋಡೆ ಕಡೆ ತಿರುಗಿದರು.

ಅಂಗಳದಲ್ಲಿ ಒಲೆ ಉರಿಯುತ್ತಿತ್ತು. ಮಡಕೆಯ ಕೊರಳಿಗೆ ಅರಿಶಿನದ ಗಿಡ, ಪಕ್ಕದಲ್ಲಿ ಕಬ್ಬು. ನಾನು ಸುಮ್ಮನೆ ಹಿಂದೆ ತಿರುಗಿದೆ. ತಿರುಗಿದವಳು ಹಾಗೇ ನಿಂತೆ.

ನಡುಮನೆಯಲ್ಲಿ ಚಿಕ್ಕಮ್ಮ ನಡೆದು ಬರುತ್ತಿದ್ದರು. ಒಬ್ಬರೇ!

ಒಂದು ಕೈ ಗೋಡೆ ಮೇಲೆ. ಮುಖ ತುಸು ಮೇಲಕ್ಕೆ. ಅಡುಗೆಮನೆ ಬಾಗಿಲ ಹತ್ತಿರ ನಿಂತರು, ಮೂಸಿದರು. "ಏಲಕ್ಕಿ," ಅಂತ ತಮಗೆ ತಾವೇ ಹೇಳಿಕೊಂಡರು. ಅಲ್ಲಿಂದ ಬಲಕ್ಕೆ ತಿರುಗಿದರು.

ಹಿಡಿದುಕೊಳ್ಳೋಣ ಅಂತ ನಾನು ಓಡಬೇಕು, ಅಷ್ಟರಲ್ಲಿ ಸೆಲ್ವಿ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು. "ವೇಂಡಾಂ ಅಕ್ಕಾ. ಬರ್ತಾವ್ರೆ, ಬುಡಿ."

ಚಿಕ್ಕಮ್ಮ ಕುಳ್ಳಗಿನ ಹೆಂಗಸು. ತಲೆಬಾಗಿಲಿಗೆ ಬರುತ್ತಿದ್ದಂತೆ ಕಿತ್ತಳೆ ಬಿಲ್ಲೆ ನೇರ ಅವರ ಮೂಗಿಗೇ ತಾಗಿತು. ಸರವನ್ನು ಎರಡೂ ಕೈಯಲ್ಲಿ ಹಿಡಿದು ಮುಖಕ್ಕೆ ಒತ್ತಿಕೊಂಡರು. ಹೊಸಿಲು ದಾಟಿದರು.

ನಾನು ಉಸಿರಾಡಿದ್ದು ಆಮೇಲೆ.

"ಲೇ ಸೆಲ್ವೀ, ಆಲು ತಳ ಇಡೀತಾ ಐತೆ. ಬೆಂಕಿ ಕಮ್ಮಿ ಮಾಡೇ!"

ವರ್ಷದ ಮೇಲೆ ಕೇಳಿದ ಬೈಗುಳ. ಸೆಲ್ವಿ ಅಳುತ್ತಲೇ ಸೌದೆ ಎಳೆದಳು. ಹಾಲು ಉಕ್ಕಿತು. "ಪೊಂಗಲೋ ಪೊಂಗಲ್!" ಅಂತ ಎಲ್ಲರಿಗಿಂತ ಜೋರಾಗಿ ಕೂಗಿದ್ದು ಯಾರು ಅಂತ ಬೇರೆ ಹೇಳಬೇಕಾ?

ಊಟವಾದಮೇಲೆ ಸೆಲ್ವಿಯನ್ನು ಹಿತ್ತಲಿಗೆ ಕರೆದು ಕೇಳಿದೆ.

"ಮನೇಲಿ ಯಾರೂ ಇಲ್ದಾಗ ಕಣ್ಣು ಕಟ್ಕೊಂಡು ನಡೆದು ನೋಡ್ದೆ ಅಕ್ಕಾ. ರೊಂಬ ಭಯ ಆಯ್ತು. ಯಾವ ಬಾಗ್ಲು ಎಲ್ಲೈತೆ ಅಂತ್ಲೇ ಗೊತ್ತಾಗ್ಲಿಲ್ಲ. ಅತ್ತೆ ಮಂಚದ ಪಕ್ಕನೇ ಕೂತು ಇದೆಲ್ಲ ಕಟ್ಟಿದ್ದು. ಇದು ತಲೆಬಾಗ್ಲಿಗೆ, ಇದು ಬಚ್ಚಲಿಗೆ ಅಂತ ಒಂದೊಂದ್ನೂ ಕೈಗೆ ಕೊಟ್ಟೆ. ಅವರು ಮಾತೇ ಆಡ್ಲಿಲ್ಲ. ಕೇಳ್ಸ್ಕೊಂಡವ್ರೋ ಇಲ್ವೋ ಅಂತ ಇದ್ದೆ."

ನಾನೂ ಚಿಕ್ಕಮ್ಮನಿಗಾಗಿ ಅತ್ತಿದ್ದೇನೆ. ಫೋನ್ ಮಾಡಿದಾಗಲೆಲ್ಲ "ಅಯ್ಯೋ ಪಾಪ" ಅಂದಿದ್ದೇನೆ. ಒಂದು ಸಲವಾದರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಾಲ್ಕು ಹೆಜ್ಜೆ ಇಟ್ಟೆನಾ?

ಅಯ್ಯೋ ಪಾಪ ಅನ್ನುವವರು ಮನೆ ತುಂಬ ಇರುತ್ತಾರೆ. ಸೆಲ್ವಿಯಂಥವಳು ಮನೆಗೊಬ್ಬಳಾದರೂ ಇದ್ದಾಳಾ?