ಬಲಗಡೆ ಸೀಟಿನ ತೂಕ

ಆನ್ಸೆಲ್ಮ್ ಪಾಯ್ಸರಿಗೆ ನನ್ನ ಗೋದಾಮಿನ ಒಂದು ಮೂಲೆ ಬಿಟ್ಟುಕೊಟ್ಟದ್ದು ಆರು ತಿಂಗಳ ಮಟ್ಟಿಗೆ. ಆ ಆರು ತಿಂಗಳು ಮುಗಿಯಲು ಒಂಬತ್ತು ವರ್ಷ ಬೇಕಾಯಿತು. ತಪ್ಪು ನನ್ನದೇ. ಐವತ್ತರ ಹತ್ತಿರ ಬಂದ ಮನುಷ್ಯ "ಸ್ಪೋರ್ಟ್ಸ್ ಕಾರು ಕಟ್ತೇನೆ" ಎಂದಾಗ ನಗುತ್ತಾ ತಲೆಯಾಡಿಸಬಾರದಿತ್ತು.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ನನ್ನದು ಗಾಡಿಗಳ ಬಿಡಿಭಾಗದ ವ್ಯಾಪಾರ. ಪಾಯ್ಸರು ಎರಡು ಗೇಟು ಆಚೆ, ಎಸಿ ಡಕ್ಟ್ ಮಾಡುವ ಫ್ಯಾಕ್ಟರಿಯಲ್ಲಿ ಫೋರ್‌ಮನ್. ಅವರ ಊರು ಬಜ್ಪೆ, ನನ್ನದು ಸುರತ್ಕಲ್. ಪರಿಚಯವಾಗಲು ಇಬ್ಬರೂ ಕಡಲು ದಾಟಿ ಬರಬೇಕಾಯಿತು. ನಾನು ಬ್ಯಾರಿ ಮುಸ್ಲಿಂ, ಅವರು ಕ್ಯಾಥೊಲಿಕ್, ನಮ್ಮ ಕಡೆಯವರ ಬಾಯಲ್ಲಿ ಪೊರ್ಬುಗಳು. ನಮ್ಮ ಮಾತು ತುಳುವಿನಲ್ಲಿ ಶುರುವಾಗಿ ಜಗಳವಾಗುವ ಹೊತ್ತಿಗೆ ಕನ್ನಡಕ್ಕೆ ಬಂದಿರುತ್ತದೆ.

ಗಾಡಿ ಎರಡು ಸೀಟಿನದು, ಇಲ್ಲಿಯ ಕ್ರಮದಂತೆ ಸ್ಟೇರಿಂಗ್ ಎಡಕ್ಕೆ, ಹಳದಿ ಬಣ್ಣ, ನನ್ನ ಸೊಂಟಕ್ಕಿಂತ ಕೆಳಗೆ. ಮೈಯೆಲ್ಲ ಡಕ್ಟಿನ ಅಲ್ಯೂಮಿನಿಯಂ ತಗಡು, ಇಂಜಿನ್ ಶಾರ್ಜಾದ ಗುಜರಿಯದು. ಭಾರ ಎಂದರೆ ಪಾಯ್ಸರಿಗೆ ಆಗದು. ಹಗುರವಾದಷ್ಟೂ ಓಟ ಜಾಸ್ತಿ ಎಂದು ಕಬ್ಬಿಣದ ಪಟ್ಟಿಗಳಿಗೆಲ್ಲ ತೂತು ಕೊರೆದರು. ಸ್ಟೆಪ್ನಿ ಬಿಟ್ಟರು. ಜೀವಮಾನವಿಡೀ ಎಸಿಗೆ ದುಡಿದ ಮನುಷ್ಯ ದುಬೈಯ ಬಿಸಿಲಿನಲ್ಲಿ ಓಡಬೇಕಾದ ಗಾಡಿಗೆ ಎಸಿ ಇಡಲಿಲ್ಲ! ಕೇಳಿದರೆ, "ಹದಿನಾಲ್ಕು ಕಿಲೋ ಉಳೀತು ಮಾರಾಯ್ರೆ" ಎಂದರು.

ಅವರ ಹೆಂಡತಿ ಗ್ರೇಸಿಯಕ್ಕ ಅಲ್ ಬರ್ಷಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಬೆಳಗಿನಿಂದ ಸಂಜೆಯವರೆಗೆ ಬಂದವರನ್ನೆಲ್ಲ ತೂಕಕ್ಕೆ ನಿಲ್ಲಿಸಿ, ಇಡೀ ವೆಯ್ಟಿಂಗ್ ರೂಮಿಗೆ ಕೇಳುವಂತೆ ಸಂಖ್ಯೆ ಹೇಳುವವರು. ಅವರು ಗೋದಾಮಿಗೆ ಬಂದದ್ದು ನಾಲ್ಕೈದು ಸಲವಷ್ಟೇ, ಅದೂ ಗಂಡನನ್ನು ಊಟಕ್ಕೆ ಎಬ್ಬಿಸಿಕೊಂಡು ಹೋಗಲು. ಗಾಡಿಯನ್ನು ಅವರು ಕರೆಯುತ್ತಿದ್ದದ್ದೇ "ನಿಮ್ಮ ಅವಳು" ಎಂದು.

ಅಂತೂ ಕಳೆದ ವರ್ಷ ಗಾಡಿಯನ್ನು ರಸ್ತೆಗಿಳಿಸುವ ಅನುಮತಿಯ ಕಾಗದ ಬಂತು. ಪಾಯ್ಸರ ಕಾಗದದಲ್ಲಿ ಒಂದು ಷರತ್ತಿತ್ತು: ಎರಡೂ ಸೀಟಿನಲ್ಲಿ ಜನ ಕೂತು ತಪಾಸಣೆಗೆ ಬರಬೇಕು, ಅವಕಾಶ ಎರಡೇ ಸಲ. ಎರಡನೆಯ ಸಲವೂ ಫೇಲಾದರೆ ಫೈಲು ಖಲಾಸ್, ಗಾಡಿ ಗುಜರಿಗೆ. ಒಂಬತ್ತು ವರ್ಷದ ಒಂದೊಂದು ರಜಾದಿನವೂ ಆ ಗಾಡಿಯೊಳಗೆ ಹೋಗಿತ್ತು. ಕಾಗದ ಓದಿದ ದಿನ ಪಾಯ್ಸರಿಗೆ ಊಟ ಸೇರಲಿಲ್ಲ.

ಉಳಿದದ್ದು ಕೊನೆಯ ಕೆಲಸ: ನಾಲ್ಕು ಚಕ್ರಗಳ ಸ್ಪ್ರಿಂಗನ್ನು ಏರಿಸಿ ಇಳಿಸಿ ಗಾಡಿಯನ್ನು ಮಟ್ಟ ಮಾಡುವುದು. ಅಷ್ಟು ಹಗುರದ ಗಾಡಿಯಲ್ಲಿ ಕೂತವರ ಭಾರವೇ ದೊಡ್ಡದು. ಹಾಗಾಗಿ ಸೀಟುಗಳ ಮೇಲೆ ಅವರಷ್ಟೇ ತೂಕ ಇಟ್ಟುಕೊಂಡು ಮಟ್ಟ ನೋಡಬೇಕು. ಪಾಯ್ಸರು ನನ್ನ ಗೋದಾಮಿನ ತೂಕದ ಮಷಿನ್ ಮೇಲೆ ಎರಡು ಸಲ ಚಪ್ಪಲಿ ಹಾಕಿ, ಎರಡು ಸಲ ಬಿಚ್ಚಿ ನಿಂತು, ಎಂಬತ್ತೊಂದು ಎಂದು ಗೋಡೆಯ ಮೇಲೆ ಬರೆದರು. ಆಮೇಲೆ ಪಕ್ಕದ ಸೀಟಿನಲ್ಲಿ ಕೂರಬೇಕಾದ ಹೆಂಡತಿಗೆ ಫೋನ್ ಮಾಡಿ ತೂಕ ಕೇಳಿದರು.

"ಐವತ್ತಾರು," ಎಂದು ಗ್ರೇಸಿಯಕ್ಕ ಫೋನಿಟ್ಟರು.

ಗ್ರೇಸಿಯಕ್ಕನನ್ನು ಒಮ್ಮೆ ಕಣ್ಣಾರೆ ಕಂಡ ಯಾರೂ ಆ ಸಂಖ್ಯೆಯನ್ನು ನಂಬುತ್ತಿರಲಿಲ್ಲ. ಪಾಯ್ಸರು ನಂಬಿದರು. ಹೆಂಡತಿಯನ್ನು ಅವರು ಸರಿಯಾಗಿ ನೋಡಿದ್ದು ಮದುವೆಯ ದಿನ, ಆಮೇಲೆ ನೋಡಿದ್ದೆಲ್ಲ ತಗಡು ಎಂದು ನನ್ನ ಅನುಮಾನ. ಐವತ್ತಾರು ಕಿಲೋ ಕುಚ್ಚಲಕ್ಕಿಯ ಚೀಲಗಳು ಬಲಗಡೆ ಸೀಟು ಏರಿದವು. ಪಾಯ್ಸರು ಅವಕ್ಕೆ ಬೆಲ್ಟೂ ಕಟ್ಟಿ, "ಅಲ್ಲಾಡ್ಬೇಡ ಮಾರಾಯ್ತಿ" ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ತಪಾಸಣೆಯ ದಿನ ಗ್ರೇಸಿಯಕ್ಕ ರಜೆ ಹಾಕಿ, ಹೊಸ ಚೂಡಿದಾರ್ ಹಾಕಿ ಬಂದು ಗಾಡಿಯೊಳಗೆ ಇಳಿದರು. ನಾನು ಪಿಕಪ್ಪಿನಲ್ಲಿ ಹಿಂದೆ. ಮೊದಲ ಹಂಪಿನಲ್ಲೇ ಬಲಗಡೆ ಸೈಲೆನ್ಸರ್ ಕರ್ರ್ ಎಂದು ನೆಲಕ್ಕೆ ಉಜ್ಜಿತು. ಎರಡನೆಯದರಲ್ಲೂ ಉಜ್ಜಿತು. ಏಳು ಹಂಪು ದಾಟುವ ಹೊತ್ತಿಗೆ ಅಕ್ಕಪಕ್ಕದ ಲಾರಿಯವರೆಲ್ಲ ಇಣುಕಿ ನೋಡತೊಡಗಿದ್ದರು.

ತಪಾಸಣೆಯ ಅಧಿಕಾರಿ ಚಿಕ್ಕ ಪ್ರಾಯದ ಅರಬ್ ಹುಡುಗ, ಬಹಳ ಮರ್ಯಾದಸ್ಥ. ಗಾಡಿಯ ಸುತ್ತ ಮೂರು ಸುತ್ತು ಬಂದು ಫೋಟೋ ತೆಗೆದುಕೊಂಡ.

"ಬ್ಯೂಟಿಫುಲ್ ಕಾರ್, ಅಂಕಲ್. ಲೇಕಿನ್ ಟೇಢಾ ಹೈ."

ನಿಜಕ್ಕೂ ಗಾಡಿ ಬಲಕ್ಕೆ ವಾಲಿತ್ತು. ಎಡಗಡೆಯ ಹೆಡ್‌ಲೈಟು ಆಕಾಶ ನೋಡುತ್ತಿತ್ತು. ಎರಡು ವಾರ ಬಿಟ್ಟು ಕೊನೆಯ ಸಲ ಬನ್ನಿ ಎಂದು ಬರೆದುಕೊಟ್ಟ.

ಗೋದಾಮಿಗೆ ಮರಳಿದ ಪಾಯ್ಸರು ನನ್ನ ಮೇಲೆ ಹಾರಿದರು. "ನಿಮ್ಮ ಸ್ಪ್ರಿಂಗ್ ಡುಪ್ಲಿಕೇಟ್, ನಿಝಾಮ್ ಭಾಯಿ."

ನನಗೆ ಪಿತ್ತ ನೆತ್ತಿಗೇರಿತು. ಬೇರೆ ಏನಾದರೂ ಅನ್ನಲಿ, ನನ್ನ ಮಾಲನ್ನು ಡುಪ್ಲಿಕೇಟ್ ಅನ್ನುವುದೇ? ಅಕ್ಕಿ ಚೀಲಗಳನ್ನು ನಾನೇ ಹೊತ್ತು ಮತ್ತೆ ಸೀಟಿಗೆ ಹಾಕಿ, ಅವರನ್ನು ಸ್ಟೇರಿಂಗಿಗೆ ಕೂರಿಸಿ, ಬಾನೆಟ್ಟಿನ ಮೇಲೆ ರಸಮಟ್ಟ ಇಟ್ಟೆ. ಅದರ ಗಾಜಿನೊಳಗಿನ ಗುಳ್ಳೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಪಾಯ್ಸರು ಇಳಿದು ಬಂದು ಗುಳ್ಳೆ ನೋಡಿದರು, ಚೀಲ ನೋಡಿದರು, ನನ್ನ ಮುಖ ನೋಡಿದರು.

"ಸ್ಪ್ರಿಂಗ್ ಸರಿ ಉಂಟು ಪೊರ್ಬುಗಳೇ. ಅಕ್ಕಿಯೂ ಸರಿ ಉಂಟು," ಎಂದೆ.

"ಮತ್ತೆ?"

"ಮತ್ತೆ ಎಂತ ಹೇಳುದು? ಮನೆಯಲ್ಲಿ ಕೇಳಿ."

"ನೀವೇ ಕೇಳಿ ಮಾರಾಯ್ರೆ. ನಿಮಗೆ ಅವಳು ಮರ್ಯಾದೆ ಕೊಡ್ತಾಳೆ."

"ಅದು ಉಳೀಬೇಕು ಅಂತ ಉಂಟಲ್ಲ ನನಗೆ."

ಹನ್ನೆರಡು ದಿನ ಇಬ್ಬರು ಗಂಡಸರೂ ಬಾಯಿ ಬಿಡಲಿಲ್ಲ. ಪಾಯ್ಸರು ಒಂದು ತೂಕದ ಮಷಿನ್ ಕೊಂಡು ಬಾತ್‌ರೂಮಿನಲ್ಲಿ ಇಟ್ಟು ನೋಡಿದರು. ಮರುದಿನ ಅದು ಮಂಚದಡಿಗೆ ಸೇರಿತ್ತು. ತಪಾಸಣೆಗೆ ಎರಡೇ ದಿನ ಉಳಿದಾಗ, ಮಧ್ಯಾಹ್ನ, ಗ್ರೇಸಿಯಕ್ಕ ಬುತ್ತಿ ಹಿಡಿದು ತಾವಾಗಿಯೇ ಬಂದರು. ಬಲಗಡೆ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಕೂತ ಚೀಲಗಳು ಕಣ್ಣಿಗೆ ಬಿದ್ದವು.

"ಇದು ಯಾರು?"

"ನೀನು," ಎಂದರು ಪಾಯ್ಸರು.

ನಾನು ಅವಸರವಾಗಿ ಏರ್ ಫಿಲ್ಟರಿನ ಡಬ್ಬಗಳನ್ನು ಜೋಡಿಸತೊಡಗಿದೆ. ಪಾಯ್ಸರು ಗಂಟಲು ಸರಿಮಾಡಿಕೊಂಡು, ಇದಕ್ಕಿಂತ ನೀನು ಸ್ವಲ್ಪ ಜಾಸ್ತಿ ಇರಬೇಕು, ಅದಕ್ಕೇ ಫೇಲಾಯ್ತು ಅಂತ ಕಾಣ್ತದೆ ಎಂದು ಹೇಳಿಯೇಬಿಟ್ಟರು. ಬುತ್ತಿ ಅವರ ತಲೆಯ ಕಡೆಗೆ ಹಾರುತ್ತದೆ ಎಂದು ನಾನು ಕಾದೆ.

ಹಾರಲಿಲ್ಲ. ಗ್ರೇಸಿಯಕ್ಕ ಗಂಡನ ಜೊತೆ ಆಡುವ ಕೊಂಕಣಿ ಬಿಟ್ಟು ಕನ್ನಡದಲ್ಲೇ ಹೇಳಿದರು, ನನಗೂ ಕೇಳಲಿ ಎಂದೇ ಇರಬೇಕು.

"ಹೌದು, ಸುಳ್ಳು ಹೇಳಿದೆ. ಎಪ್ಪತ್ತನಾಲ್ಕು ಇದ್ದೇನೆ. ಒಂಬತ್ತು ವರ್ಷದಿಂದ ನಿಮ್ಮ ಬಾಯಲ್ಲಿ ಒಂದೇ ಮಾತು. ಇದು ಭಾರ, ತೆಗೆದು ಬಿಸಾಡು. ಅದು ಭಾರ, ತೆಗೆದು ಬಿಸಾಡು. ಎಪ್ಪತ್ತನಾಲ್ಕು ಅಂತ ಹೇಳಿದ್ರೆ ನನ್ನನ್ನೂ ಇಳಿಸಿ ಹೋಗ್ತೀರಿ ಅಂತ ಹೆದರಿಕೆ ಆಯ್ತು ನನಗೆ."

ನನಗೆ ನಾಚಿಕೆಯಾಯಿತು. ಈ ಹೆಂಗಸಿಗೆ ಗಾಡಿ ಕಂಡರಾಗದು ಎಂದು ನಾನು ಊರಿಡೀ ಹೇಳಿಕೊಂಡು ನಕ್ಕಿದ್ದೆ. ಅದರಲ್ಲಿ ಕೂರಬೇಕೆಂಬ ಆಸೆ ಅವರಿಗೂ ಅಷ್ಟೇ ವರ್ಷದಿಂದ ಇತ್ತು.

ಪಾಯ್ಸರು ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಬಲಗಡೆ ಸೀಟನ್ನು ತೋರಿಸಿದರು.

"ಆ ಸೀಟು, ಬೆಲ್ಟು, ಆ ಕಡೆ ಬಾಗಿಲು, ಎಲ್ಲ ಸೇರಿ ಮೂವತ್ತೊಂದು ಕಿಲೋ ಗ್ರೇಸಿ. ಒಂದೇ ಸೀಟಿನ ಗಾಡಿ ಮಾಡಿ, ಹಗುರ ಆಗ್ತದೆ ಅಂತ ಎಲ್ಲರೂ ಹೇಳಿದ್ರು. ಈ ನಿಝಾಮ್ ಭಾಯಿಯೂ ಹೇಳಿದ್ರು. ಅದೊಂದನ್ನು ನಾನು ತೆಗೀಲಿಲ್ಲ."

ಹೇಳಿದ್ದೆ, ನಿಜ. ಒಂದಲ್ಲ, ಹತ್ತು ಸಲ ಹೇಳಿದ್ದೆ.

ಗ್ರೇಸಿಯಕ್ಕ ದುಪಟ್ಟಾದಿಂದ ಮುಖ ಒರೆಸಿಕೊಂಡು, "ಆ ಅಕ್ಕಿಯನ್ನು ಇಳಿಸಿ," ಎಂದರು. ಚೀಲ ಇಳಿಸಿದವನು ನಾನು. ಸ್ಟೇರಿಂಗಿನ ಕಡೆ ಪಾಯ್ಸರ ತೂಕಕ್ಕೆ ಕೂತವನೂ ನಾನೇ, ತೊಡೆಯ ಮೇಲೆ ಐದು ಕಿಲೋ ಬ್ರೇಕ್ ಡ್ರಮ್ ಇಟ್ಟುಕೊಂಡು. ಎರಡೂವರೆ ಗಂಟೆ ಪಾಯ್ಸರು ಅಡಿಯಲ್ಲಿ ಮಲಗಿ ಸ್ಪ್ರಿಂಗನ್ನು ಏರಿಸಿ ಇಳಿಸುವ ಬಳೆಗಳನ್ನು ತಿರುಗಿಸಿದರು. ಗ್ರೇಸಿಯಕ್ಕ ಬೆವರು ಸುರಿಸುತ್ತಾ ರಾಣಿಯ ಹಾಗೆ ಕೂತಿದ್ದರು. ಮೇ ತಿಂಗಳು. ಎಸಿ, ಇಲ್ಲಿಯ ಅರಬಿಯಲ್ಲಿ ಹೇಳುವುದಾದರೆ, ಮಾಫಿ: ಇಲ್ಲವೇ ಇಲ್ಲ.

ಗಾಡಿ ಪಾಸಾಯಿತು. ಏಳು ಹಂಪಿನಲ್ಲಿ ಒಂದರಲ್ಲೂ ಸದ್ದು ಮಾಡಲಿಲ್ಲ. ಅಧಿಕಾರಿ ಸಹಿ ಹಾಕುವಾಗ ಪಾಯ್ಸರು ಅತ್ತರು, ನೋಡಿದ ನಾನೂ ಅತ್ತೆ.

ಈಗ ಬೇರೆಯೇ ತಾಪತ್ರಯ. ಗ್ರೇಸಿಯಕ್ಕ ಪಕ್ಕದಲ್ಲಿ ಕೂತರೆ ಮಾತ್ರ ಗಾಡಿ ಮಟ್ಟ. ಇಲ್ಲದಿದ್ದರೆ ಬಲಗಡೆ ಎದ್ದು ನಿಂತು ಗಾಡಿ ಎಡಕ್ಕೆ ಎಳೆಯುತ್ತದೆ. ಒಬ್ಬರೇ ಹೋಗುವಾಗ ಬಳೆ ಎರಡು ಸುತ್ತು ಇಳಿಸಿದರಾಯಿತು, ಹತ್ತು ನಿಮಿಷದ ಕೆಲಸ ಎಂದು ನಾನು ಹೇಳಿದೆ. ಪಾಯ್ಸರು ಕೇಳಿಸದವರಂತೆ ಚಹಾ ಕುಡಿದರು.

ಹೋದ ಭಾನುವಾರ ಅಬುಧಾಬಿಯ ಖಲೀಫಾ ಸಿಟಿಯಲ್ಲಿ ನನ್ನ ತಮ್ಮನ ಮನೆಯಲ್ಲಿ ಊಟ. ಹಳದಿ ಸ್ಪೋರ್ಟ್ಸ್ ಕಾರು ಬರುತ್ತದೆಂದು ನಾನು ಎಲ್ಲರಿಗೂ ಜಂಭದಿಂದ ಹೇಳಿದ್ದೆ. ಮಕ್ಕಳೆಲ್ಲ ಗೇಟಿನಲ್ಲಿ ಫೋನ್ ಹಿಡಿದು ಕಾದಿದ್ದರು. ಒಂದೂವರೆಗೆ ಒಂದು ಟ್ಯಾಕ್ಸಿ ಬಂತು. ದುಬೈಯಿಂದ ಎರಡು ಬಸ್ಸು ಬದಲಾಯಿಸಿದ ಪಾಯ್ಸರು ಅಂಗಿಯೆಲ್ಲ ಒದ್ದೆಯಾಗಿ, ಸ್ವೀಟಿನ ಡಬ್ಬ ಹಿಡಿದು ಇಳಿದರು.

"ಗಾಡಿ ಎಲ್ಲಿ ಪೊರ್ಬುಗಳೇ?"

ಎಂಥ ದಡ್ಡ ಪ್ರಶ್ನೆ ಎಂಬಂತೆ ಅವರು ನನ್ನನ್ನು ನೋಡಿದರು.

"ಗ್ರೇಸಿಗೆ ಇವತ್ತು ಡ್ಯೂಟಿ ಉಂಟಲ್ಲ."