ಟೈಲರಣ್ಣನ ಕಾರಿಗೆ ಹತ್ತಿದ ಕಾಯಿಲೆ

ಬಟ್ಟೆ ಹೊಲಿಯುವುದರಲ್ಲಿ ಟೈಲರಣ್ಣನದು ಎತ್ತಿದ ಕೈ. ಕಾರು ಓಡಿಸುವುದರಲ್ಲಿ ಮಾತ್ರ, ಅಯ್ಯೋ, ಕೇಳಲೇಬೇಡಿ! ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ, ಎರಡನೇ ಗೇರಿನಲ್ಲೇ ತೆವಳುತ್ತಾನೆ. ಸೈಕಲ್ಲಿನವರು ಬೆಲ್ ಹೊಡೆದು ಮುಂದೆ ಹೋಗುತ್ತಾರೆ. ಹೈವೇ ಅಂದರೆ ಸಾಕು, ಅವನ ಎದೆ ಧಸಕ್ಕೆನ್ನುತ್ತದೆ.

ಇಷ್ಟು ಮುದ್ದಿನಿಂದ ಸಾಕಿದ ಡೀಸೆಲ್ ಕಾರು ಇದ್ದಕ್ಕಿದ್ದಂತೆ ಕರಿಹೊಗೆ ಉಗುಳತೊಡಗಿತು. ಏರು ಸಿಕ್ಕರೆ ತಿಣುಕುತ್ತದೆ, ಸಿಗ್ನಲ್ಲಿನಲ್ಲಿ ಗಡಗಡ ನಡುಗಿ ಆಫ್ ಆಗುತ್ತದೆ. ಒಣಹಾಕಿದ್ದ ಬಿಳಿ ಬಟ್ಟೆಗೆ ಮಸಿ ಹತ್ತಿದ ದಿನ ಹೆಂಡತಿ ರೇಗಿಯೇಬಿಟ್ಟಳು.

"ರೀ, ಸಾಕಾಯ್ತು! ಭಾನುವಾರ ನನ್ನ ತಮ್ಮ ಬಂದು ಈ ಡಬ್ಬಾನ ತಗೊಂಡು ಹೋಗ್ತಾನೆ. ಎಲ್ಲಿಗೂ ಕರ್ಕೊಂಡು ಹೋಗದ ಕಾರು ಇದ್ರೆಷ್ಟು, ಬಿಟ್ರೆಷ್ಟು?"

ಟೈಲರಣ್ಣ ನೇರ ಗ್ಯಾರೇಜಿಗೆ ಓಡಿದ. ಓಡಿದ ಅಂದರೆ, ಅದೇ ಎರಡನೇ ಗೇರಿನಲ್ಲಿ.

ಮೆಕ್ಯಾನಿಕ್ ಒಂದು ಭಾಗ ಬಿಚ್ಚಿ ತೋರಿಸಿದ. ಒಳಗೆಲ್ಲ ಮೆತ್ತಿದ ಮಸಿ.

"ಅಣ್ಣಾ, ಇದು ಇಜಿಆರ್ ವಾಲ್ವು. ಇಂಜಿನ್ ಬಿಟ್ಟ ಹೊಗೇಲಿ ಸ್ವಲ್ಪಾನ ಮತ್ತೆ ಒಳಕ್ಕೆ ಕಳ್ಸೋ ಬಾಗಿಲು. ಮಸಿ ಕಟ್ಕೊಂಡು ಮುಚ್ತಾನೇ ಇಲ್ಲ."

"ಅದ್ಹೇಗಪ್ಪಾ? ಒಂದು ದಿನವಾದ್ರೂ ಜೋರಾಗಿ ಓಡಿಸಿದವನಲ್ಲ ನಾನು!"

"ಅದೇ ಅಣ್ಣಾ ಕಾಯಿಲೆ! ನಿಧಾನಕ್ಕೆ ಓಡಿಸಿದ್ರೆ ಇಂಜಿನ್ ಚೆನ್ನಾಗಿ ಬಿಸಿಯಾಗೋದೇ ಇಲ್ಲ, ಮಸಿ ಒಳಗೇ ಕೂತ್ಬಿಡುತ್ತೆ. ಕ್ಲೀನ್ ಮಾಡಿಕೊಡ್ತೀನಿ. ಆದ್ರೆ ವಾರಕ್ಕೊಂದ್ಸಲ ಹೈವೇಲಿ ಒಳ್ಳೇ ಸ್ಪೀಡಲ್ಲಿ ಓಡಿಸ್ದೆ ಇದ್ರೆ ಮತ್ತೆ ಇದೇ ಗತಿ."

ಭಾನುವಾರ ಬಂದೇಬಿಟ್ಟಿತು. ಭಾವಮೈದ ಬರುವುದರೊಳಗೆ ಕಾರು ಗುಣವಾಗಿದೆ ಅಂತ ತೋರಿಸಬೇಕು. ಮೆಕ್ಯಾನಿಕ್ ಹೇಳಿದ್ದನ್ನು ಹೆಂಡತಿಗೆ ತಿಳಿಸಿ, "ಒಬ್ಬನೇ ಹೋಗೋಕೆ ಭಯ ಕಣೇ, ನೀನೂ ಬಾ" ಎಂದು ಗೋಗರೆದು ಕೂರಿಸಿಕೊಂಡ. ಹೈವೇ ಹತ್ತಿದ. ಮೂರನೇ ಗೇರು. ನಾಲ್ಕು. ಅಂಗೈ ಬೆವರಿ ಸ್ಟೀರಿಂಗ್ ಜಾರುತ್ತಿದೆ. ದೇವರೇ ಕಾಪಾಡಪ್ಪಾ ಎಂದು ಐದಕ್ಕೆ ಹಾಕಿದ. ಕಾರು ಜುಮ್ಮನೆ ಹಾರಿತು! ಕನ್ನಡಿಯಲ್ಲಿ ಹೊಗೆಯ ಸುಳಿವೇ ಇಲ್ಲ.

ಪಕ್ಕಕ್ಕೆ ಓರೆಗಣ್ಣಲ್ಲಿ ನೋಡಿದರೆ ಹೆಂಡತಿಯ ಕಣ್ಣಲ್ಲಿ ನೀರು.

"ಹೆದರ್ಕೊಂಡ್ಯಾ? ನಿಧಾನ ಮಾಡ್ಲಾ?"

"ಬೇಡ್ರೀ! ನಿಮ್ಮ ಪಕ್ಕ ಕೂತು ಊರು ದಾಟಿದ್ದು ಇವತ್ತೇ ಮೊದಲು. ಇನ್ನೂ ಸ್ವಲ್ಪ ಮುಂದೆ ಹೋಗೋಣ."

ಅಷ್ಟರಲ್ಲಿ ಅವಳ ಫೋನು. ತಮ್ಮ ಮನೆ ಬಾಗಿಲಲ್ಲಿ ನಿಂತಿದ್ದಾನೆ.

"ಕಾರು ಕೊಡೋದಿಲ್ಲ ಕಣೋ. ಪ್ರತಿ ವಾರ ದೂರ ಓಡಿಸ್ಬೇಕು ಅಂತ ಮೆಕ್ಯಾನಿಕ್ ಕಟ್ಟುನಿಟ್ಟಾಗಿ ಹೇಳಿದ್ದಾನೆ. ನಾನೂ ಪಕ್ಕದಲ್ಲೇ ಇರ್ಬೇಕಂತೆ."

ಆ ಕೊನೇ ಮಾತನ್ನು ಮೆಕ್ಯಾನಿಕ್ ಹೇಳೇ ಇರಲಿಲ್ಲ. ಟೈಲರಣ್ಣ ಆಕ್ಸಿಲರೇಟರ್ ಒತ್ತಿದ.