ಮಾರ್ಕ್ಸ್ ಸಿಸ್ಟರ್

ಡಯಾಲಿಸಿಸ್ ವಾರ್ಡಿನಲ್ಲಿ ಎಲ್ಲರೂ ಅವರನ್ನು ಮಾರ್ಕ್ಸ್ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಮೂರು ತಿಂಗಳಿಗೊಮ್ಮೆ ರೋಗಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಇಪ್ಪತ್ತು ಪ್ರಶ್ನೆ ಕೇಳಿ ಹಾಳೆಯಲ್ಲಿ ಅಂಕ ಹಾಕುವುದು ಅವರ ಕೆಲಸ. ನಿದ್ದೆ ಬರುತ್ತದೆಯೇ, ಊಟ ರುಚಿಸುತ್ತದೆಯೇ, ಮನೆಯವರ ಮೇಲೆ ಸಿಟ್ಟು ಬರುತ್ತದೆಯೇ, ಬದುಕಿನಲ್ಲಿ ಆಸೆ ಇದೆಯೇ. ಒಂದೊಂದಕ್ಕೂ ಎರಡು ಅಂಕ, ಒಟ್ಟು ನಲವತ್ತು. ವಾಸಿಯಾಗದ ಕಾಯಿಲೆಯನ್ನು ಮನಸ್ಸು ಹೇಗೆ ತಾಳಿಕೊಂಡಿದೆ ಎಂದು ತಿಳಿಯುವ ಲೆಕ್ಕ ಅದು. ಇಪ್ಪತ್ತಕ್ಕಿಂತ ಕಡಿಮೆ ಬಂದವರನ್ನು ಮನೋವೈದ್ಯರ ಹತ್ತಿರ ಕಳಿಸಬೇಕು. ಆದರೆ ಸಿಸ್ಟರ್ ಬಾಯಿ ಸುಮ್ಮನಿರಬೇಕಲ್ಲ! ಉತ್ತರ ಚೆನ್ನಾಗಿದ್ದರೆ ‘ಫುಲ್ ಮಾರ್ಕ್ಸ್’ ಎಂದು ಬೆನ್ನು ತಟ್ಟುವರು, ಸಪ್ಪೆಯಾಗಿದ್ದರೆ ‘ಫೇಲ್ ಆಗ್ತೀರ ನೋಡಿ’ ಎಂದು ರೇಗಿಸುವರು. ನಕ್ಕರೆ ನೋವು ಸ್ವಲ್ಪ ಮರೆತಾರು ಎಂಬುದಷ್ಟೇ ಅವರ ಆಸೆ.

ಮೂರನೇ ಹಾಸಿಗೆಯ ಟೈಲರ್ ಇಡೀ ವಾರ್ಡಿಗೇ ಮೊದಲು. ಮೂವತ್ತೆಂಟಕ್ಕಿಂತ ಕೆಳಗಿಳಿದವರೇ ಅಲ್ಲ. ಪ್ರಶ್ನೆ ಮುಗಿಯುವ ಮೊದಲೇ ಪಟಪಟನೆ ಉತ್ತರ ಬರುತ್ತಿತ್ತು. ಇಂಥವರು ಹತ್ತು ಮಂದಿ ಇದ್ದರೆ ನನಗೆ ಕೆಲಸವೇ ಇರುವುದಿಲ್ಲ ಎಂದು ಸಿಸ್ಟರ್ ಎಲ್ಲರೆದುರು ಹೊಗಳುತ್ತಿದ್ದರು.

ಪ್ರಶ್ನೆ ಕೇಳುವ ಸರದಿ ಬಂದ ಒಂದು ಮಂಗಳವಾರ ಟೈಲರ್ ಬರಲಿಲ್ಲ. ಗುರುವಾರವೂ ಇಲ್ಲ. ವಾರಕ್ಕೆ ಮೂರು ಸಲ ರಕ್ತ ಶುದ್ಧಿಯಾಗಬೇಕಾದ ದೇಹ. ಇನ್ನೊಂದು ಸಲ ತಪ್ಪಿದರೆ ಜೀವಕ್ಕೇ ಸಂಚಕಾರ. ಫೋನ್ ಮಾಡಿದರೆ, ಇನ್ನು ಮುಂದೆ ಬರುವುದಿಲ್ಲವಂತೆ ಎಂದು ಅವರ ಹೆಂಡತಿ ಅಳುದನಿಯಲ್ಲಿ ಹೇಳಿದರು. ಸಿಸ್ಟರ್ ಊಟದ ಡಬ್ಬಿಯನ್ನೂ ಬಿಚ್ಚದೆ ಅವರ ಮನೆಗೆ ಹೊರಟರು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಮೇಜಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದ ಬಟ್ಟೆ ಕತ್ತರಿ ಕಾಣದೆ ಬಿದ್ದಿತ್ತು. ಟೈಲರ್ ಕುರ್ಚಿಯಲ್ಲಿ ಏದುಸಿರು ಬಿಡುತ್ತಿದ್ದರು. ಪಾದಗಳು ಚಪ್ಪಲಿಗೆ ಹಿಡಿಸದಷ್ಟು ಊದಿದ್ದವು. ಹೆಂಡತಿ ಸಿಸ್ಟರನ್ನು ಅಡುಗೆಮನೆಗೆ ಕರೆದು ಇದ್ದದ್ದನ್ನು ಇದ್ದಂತೆ ಹೇಳಿದರು. ಪ್ರತಿ ಸಲವೂ ಹಿಂದಿನ ದಿನ ಗಂಡನನ್ನು ಕೂರಿಸಿಕೊಂಡು ಇಪ್ಪತ್ತೂ ಉತ್ತರ ಬಾಯಿಪಾಠ ಮಾಡಿಸುತ್ತಿದ್ದವರು ಅವರೇ. ವಾರ್ಡಿನ ಹೊರಗಿನ ಬೆಂಚಿನಲ್ಲಿ ರೋಗಿಗಳು, ಮನೆಯವರು ಎಲ್ಲರೂ ಸೇರಿ ‘ಸರಿಯಾದ ಉತ್ತರ’ಗಳನ್ನು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರಂತೆ. ಫೇಲಾದವರ ಡಯಾಲಿಸಿಸ್ ಯಂತ್ರವನ್ನು ಹೊರಗೆ ಕಾಯುತ್ತಿರುವ ಬೇರೆಯವರಿಗೆ ಕೊಡುತ್ತಾರೆ ಎಂಬ ಭಯ.

"ಫೇಲ್ ಅಂತ ನೀವೇ ಹೇಳ್ತಿದ್ರಲ್ಲ ಸಿಸ್ಟರ್" ಎಂದರು ಆಕೆ. ಆ ಮಾತಿನಲ್ಲಿ ದೂರಿರಲಿಲ್ಲ.

ಎಷ್ಟು ಜನರ ಸಂಕಟದ ಬಾಯಿಯನ್ನು ತಾನು ಬೆನ್ನು ತಟ್ಟಿ ಮುಚ್ಚಿಸಿದ್ದೆ ಎಂದು ನೆನೆದು ಸಿಸ್ಟರ್‌ಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹೊರಗೆ ಬಂದು ಟೈಲರ್ ಎದುರು ನೆಲದ ಮೇಲೇ ಕೂತು, ಯಾಕೆ ಬರುವುದಿಲ್ಲ ಎಂದು ಕೇಳಿದರು.

ಟೈಲರ್ ಏದುಸಿರಿನ ನಡುವೆಯೇ ಹೇಳಿದರು. "ಈ ಸಲ ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ. ಬದುಕೋ ಆಸೆ ಇದೆಯಾ ಅಂತ ಕೇಳ್ತೀರಿ. ಇಲ್ಲ ಅಂದ್ರೆ ಹೇಗೂ ಫೇಲು. ಆಸೆ ಇರೋರಿಗಾದ್ರೂ ಆ ಯಂತ್ರ ಸಿಗಲಿ ಅಂತ ಸುಮ್ಮನಾದೆ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು. ಆಸೆ ಇದೆ ಎಂಬ ಉತ್ತರವನ್ನು ಅವರು ಎಷ್ಟು ಸಲ ಹೇಳಿಕೊಟ್ಟಿದ್ದರೋ.

"ತಪ್ಪು ನಂದು ಅಣ್ಣ" ಎಂದರು ಸಿಸ್ಟರ್. "ಅದು ಪರೀಕ್ಷೆನೇ ಅಲ್ಲ. ಕಮ್ಮಿ ಬಂದ್ರೆ ಯಂತ್ರ ಕಿತ್ಕೊಳ್ಳಲ್ಲ, ನಿಮ್ಮ ಹತ್ರ ಕೂತು ಮಾತಾಡೋ ಡಾಕ್ಟರು ಬರ್ತಾರೆ."

"ಒಂದು ಮಾರ್ಕೂ ಬರದೆ ಇದ್ರೂ?"

"ಒಂದೂ ಬರದೆ ಇದ್ರೂ."

ಟೈಲರ್ ಗೋಡೆ ಹಿಡಿದು ಎದ್ದರು. ಇಬ್ಬರೂ ಹೆಂಗಸರು ಆಚೀಚೆ ಆತುಕೊಂಡು ಆಟೋಗೆ ಹತ್ತಿಸಿದರು.

ಅವತ್ತೇ ಸಂಜೆ ಯಂತ್ರ ಗುರುಗುಟ್ಟುತ್ತ ಟೈಲರ್ ಮೈಯ ನೀರನ್ನು ಇಳಿಸುತ್ತಿತ್ತು. ಉಸಿರು ಹಗುರಾದ ಮೇಲೆ, ಆ ಪ್ರಶ್ನೆಗಳನ್ನು ಈಗಲೇ ಕೇಳಿಬಿಡಿ ಎಂದು ಅವರೇ ಹಟ ಹಿಡಿದರು. ಸಿಸ್ಟರ್ ಪಿಸುದನಿಯಲ್ಲಿ ಕೇಳಿದರು. ಟೈಲರ್ ಮಾತ್ರ ಯಾರಿಗೂ ಮುಚ್ಚಿಡದೆ ಗಟ್ಟಿಯಾಗಿಯೇ ಉತ್ತರಿಸಿದರು. ನಿದ್ದೆ ಇಲ್ಲ. ರುಚಿ ಇಲ್ಲ. ಹೆಂಡತಿಯ ಮೇಲೆ ರೇಗುತ್ತೇನೆ, ಆಮೇಲೆ ಅಳುತ್ತೇನೆ. ನಲವತ್ತಕ್ಕೆ ಆರು ಬಂತು. ಸಿಸ್ಟರ್ ಮಾರ್ಕ್ಸ್ ಹೇಳಲಿಲ್ಲ. ಅವರ ಕೈಯನ್ನು ಒಮ್ಮೆ ಹಿಡಿದು, ಮನೋವೈದ್ಯರಿಗೆ ಚೀಟಿ ಬರೆದರು.

ಪಕ್ಕದ ಹಾಸಿಗೆಯಲ್ಲಿ ನಿವೃತ್ತ ಬಸ್ ಕಂಡಕ್ಟರ್ ಕಣ್ಣು ಮುಚ್ಚಿ ಮಲಗಿದ್ದರು. ಮೊನ್ನೆ ಮಂಗಳವಾರ ಮೂವತ್ತಾರು ತೆಗೆದವರು. ಸಿಸ್ಟರ್ ಸ್ಟೂಲಿನಿಂದ ಏಳುವಷ್ಟರಲ್ಲಿ ಅವರು ಕಣ್ಣು ತೆರೆಯದೆಯೇ ಕರೆದರು.

"ಸಿಸ್ಟರ್, ನನ್ನ ಹಾಳೆನೂ ಇನ್ನೊಂದು ಸಲ ತನ್ನಿ."